ಆರಿದ ಹಿಟ್ಟು

ಕರೆಂಟ್ ಬಂದರೆ ಗಿರಣಿ, ಗಿರಣಿ ನಡೆದರೆ ಹಿಟ್ಟು, ಹಿಟ್ಟು ಬಂದರೆ ರೊಟ್ಟಿ. ಸಾವಿರದ ಒಂಬೈನೂರ ಎಂಬತ್ಮೂರರಲ್ಲಿ ಮುಂಡರಗಿ ತಾಲೂಕಿನ ಆ ಸಣ್ಣ ಊರಿನ ಹೆಂಗಸರ ದಿನ ಹೀಗೆ ನಡೆಯುತ್ತಿತ್ತು. ಊರು ಹಿರೇವಡ್ಡಟ್ಟಿಯ ಆಚೆ, ಕಪ್ಪತಗುಡ್ಡದ ಕಡೆ. ಕರೆಂಟ್ ಬೆಳಿಗ್ಗೆ ಒಂದಿಷ್ಟು ಹೊತ್ತು ಇರುತ್ತಿತ್ತು, ಮಧ್ಯಾಹ್ನ ಒಂದಿಷ್ಟು ಹೊತ್ತು. ಬಂತೆಂದರೆ ಸಾಕು, ಓಣಿಯ ಹುಡುಗಿಯರೆಲ್ಲ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಓಡುತ್ತಿದ್ದರು. ಗಂಡುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಅವರು ಬುಟ್ಟಿ ಹೊತ್ತರೆ ಅವಮಾನವಂತೆ, ಹುಡುಗಿ ಹೊತ್ತರೆ ಕೆಲಸ ಕಲಿತಂತೆ. ಇರಲಿ, ಇವತ್ತಿನ ಮಾತು ಅದಲ್ಲ.

ಈ ಕಥೆಯ ಹುಡುಗಿ ಶಂಕ್ರೆವ್ವ. ಎಲ್ಲರೂ ಶಂಕ್ರಿ ಎಂದು ಕರೆಯುತ್ತಿದ್ದರು. ಹತ್ತು ವರ್ಷ, ನಾಲ್ಕನೇ ಇಯತ್ತೆ. ಅಪ್ಪ ಸಂಗಪ್ಪ ಒಕ್ಕಲುತನ ಮಾಡುವವನು. ಅವ್ವ ಸುಮಿತ್ರವ್ವ. ಇವರಿಗೆ ಇವಳೊಬ್ಬಳೇ ಮಗಳು.

ಗಿರಣಿ ಮುಂಡರಗಿಯ ಕೊಟ್ರಪ್ಪ ಎಂಬವರದು. ನಡೆಸುತ್ತಿದ್ದವನು ಅಂದಾನಪ್ಪ, ಗದಗಿನ ಕಡೆಯವನು, ಬಂದು ವರ್ಷದ ಮೇಲಾಗಿತ್ತು. ನಲವತ್ತರ ಸುಮಾರಿನ ಮನುಷ್ಯ. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ದೊಡ್ಡವರಿಗೆ ಕೈ ಮುಗಿಯುತ್ತಾನೆ, ಮಕ್ಕಳಿಗೆ ಪೆಪ್ಪರಮೆಂಟು ಕೊಡುತ್ತಾನೆ. ಊರಿನವರ ಬಾಯಲ್ಲಿ ಅವನ ಹೆಸರು ಚೆನ್ನಾಗಿತ್ತು. ಕೆಟ್ಟ ಮನುಷ್ಯ ಕೆಟ್ಟವನ ಹಾಗೆಯೇ ಕಾಣುತ್ತಾನೆ ಎಂದು ನಾವೆಲ್ಲ ತಿಳಿದುಕೊಂಡಿರುತ್ತೇವಲ್ಲ, ಅವರೂ ಹಾಗೇ ತಿಳಿದಿದ್ದರು.

ಸುಮಿತ್ರವ್ವನಿಗೆ ಅಣ್ಣತಮ್ಮಂದಿರಿಲ್ಲ. ನಾಗರ ಪಂಚಮಿ ಬಂದರೆ ಓಣಿಯ ಹೆಂಗಸರನ್ನೆಲ್ಲ ತವರಿನಿಂದ ಕರೆಯಲು ಬರುತ್ತಾರೆ, ಕುಪ್ಪಸದ ಖಣ ತರುತ್ತಾರೆ. ಇವಳು ಮಾತ್ರ ಒಲೆಯ ಮುಂದೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವವಳು. ಹೋದ ವರ್ಷದ ಪಂಚಮಿಗೆ ಅಂದಾನಪ್ಪ ಖಣ ಮತ್ತು ತೆಂಗಿನಕಾಯಿ ಹಿಡಿದು ಅವಳ ಬಾಗಿಲಿಗೆ ಬಂದ.

"ಯಕ್ಕಾ, ನನಗೂ ಅಕ್ಕಾ ತಂಗಿ ಯಾರೂ ಇಲ್ಲ. ಇವತ್ತಿನಿಂದ ನೀನ ನಮ್ಮಕ್ಕ," ಎಂದು ಕಣ್ಣಲ್ಲಿ ನೀರು ತಂದ. ಸುಮಿತ್ರವ್ವನೂ ಅತ್ತಳು. ಸಂಗಪ್ಪ ಅವನನ್ನು ಕೈ ಹಿಡಿದು ಊಟಕ್ಕೆ ಕೂರಿಸಿದ.

ಖಣ ಕೊಟ್ಟ ಮೇಲೆ ಅವನು ಶಂಕ್ರಿಗೆ ಸೋದರಮಾವ ಆದ. ನಮ್ಮ ಕಡೆ ಸೋದರಮಾವನಿಗೆ ಎಷ್ಟು ಸಲಿಗೆ ಎಂಬುದು ನಿಮಗೇ ಗೊತ್ತು. ಜಡೆ ಎಳೆಯಬಹುದು, ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, "ನಮ್ಮ ಸಣ್ಣ ಹೇಂತಿ" ಎಂದು ಚೇಷ್ಟೆ ಮಾಡಬಹುದು. ಇದೆಲ್ಲ ಮನೆಯವರ ಮುಂದೆಯೇ ನಡೆಯಿತು, ಎಲ್ಲರೂ ನಕ್ಕರು. ಒಂದು ದಿನ ಹುಡುಗಿ ಕೊಸರಿಕೊಂಡು ಇಳಿದು ಓಡಿದಳು. ಅದಕ್ಕೂ ನಕ್ಕರು. ಅಂದಾನಪ್ಪ ಮಾತ್ರ ಅವರು ನಗುವುದನ್ನು ಗಮನಿಸುತ್ತ ಕುಳಿತಿದ್ದ.

ಮೊದಮೊದಲು ಗಿರಣಿಯಲ್ಲಿ ಶಂಕ್ರಿಯ ಬುಟ್ಟಿ ಪಾಳಿ ಬಿಟ್ಟು ಎಲ್ಲರಿಗಿಂತ ಮುಂಚೆ ಬೀಸಿ ಸಿಗುತ್ತಿತ್ತು. ಅವಳಿಗೂ ಜಂಬ. ಡಬ್ಬಲ್ ಜಡೆಗೆ ಮಾವ ಕೊಟ್ಟ ಕೆಂಪು ರಿಬ್ಬನ್ ಬಂತು. ಆದರೆ ಯುಗಾದಿ ಕಳೆದ ಮೇಲೆ ಹುಡುಗಿ ಬದಲಾದಳು. ಗಿರಣಿಗೆ ಹೋಗು ಎಂದರೆ ಹೊಟ್ಟೆನೋವು. ಕುಂಟಾಟಕ್ಕೆ ಕರೆದರೆ ಬರುವುದಿಲ್ಲ. ಮಾತಿಗೆ ಮುಂಚೆ ಸಿಟ್ಟು. ಒಂದು ದಿನ, "ಅವ್ವಾ, ಹಿಟ್ಟ ನೀನ ತೊಗೊಂಡ ಬಾ. ನಾ ಪಾತ್ರಿ ತೊಳೀತೀನಿ," ಎಂದಳು.

"ಮೈಗಳ್ಳಿ!" ಎಂದು ಸುಮಿತ್ರವ್ವ ಬೆನ್ನಿಗೊಂದು ಕೊಟ್ಟಳು. ಹುಡುಗಿ ಅಳಲಿಲ್ಲ, ಬುಟ್ಟಿ ಹೊತ್ತು ಹೋದಳು.

ಎದುರು ಮನೆಯಲ್ಲಿ ಅಮೀನಬಿ ಇದ್ದಳು. ಊರಿನ ಬಾಲವಾಡಿಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುವವಳು. ಶಂಕ್ರಿಯೂ ಅವಳ ಕೈಯಲ್ಲೇ ಅಕ್ಷರ ತಿದ್ದಿದ್ದಳು, ಈಗಲೂ ಅಕ್ಕೋರ ಎಂದೇ ಕರೆಯುತ್ತಿದ್ದಳು. ಪಂಚಮಿಗೆ ಇನ್ನು ಎಂಟು ದಿನ ಇತ್ತು. ಅಮೀನಬಿ ಮಧ್ಯಾಹ್ನ ಗಿರಣಿಯಿಂದ ಬಂದವಳು ಸುಮಿತ್ರವ್ವನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು.

"ಶಂಕ್ರಿ ಎಲ್ಲೆ?" ಎಂದು ಕೇಳಿದಳು.

"ಇನ್ನೂ ಬಂದಿಲ್ಲ ನೋಡು. ಪಾಳಿ ಬಾಳ ಇತ್ತೇನ?"

"ಎಲ್ಲೀ ಪಾಳಿ? ನಾ ಹೋಗೂದ್ರಾಗ ಅಕಿ ಬುಟ್ಟಿ ಬೀಸಿ ಮುಗದಿತ್ತಲ್ಲ!"

ಸುಮಿತ್ರವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಮೀನಬಿ ಮಾತಾಡುತ್ತ ಅಲ್ಲೇ ಕುಳಿತಳು. ತಾಸಿನ ಮೇಲೆ ಶಂಕ್ರಿ ಬಂದಳು, ಬುಟ್ಟಿ ಇಟ್ಟು ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಸುಮಿತ್ರವ್ವ ಹಿಟ್ಟು ತೆಗೆದುಕೊಂಡು ನಾದಲು ಕುಳಿತಳು.

ಗಿರಣಿಯಿಂದ ಬಂದ ಹಿಟ್ಟು ಕೈ ಇಡಲಾರದಷ್ಟು ಬಿಸಿ ಇರುತ್ತದೆ. ಹಾಗೇ ಡಬ್ಬಿಗೆ ತುಂಬಿದರೆ ಮುಗ್ಗುತ್ತದೆ. ಬಟ್ಟೆಯ ಮೇಲೆ ಹರವಿ, ಆರಿಸಿ, ಆಮೇಲೆ ತುಂಬಬೇಕು. ರೊಟ್ಟಿ ಬಡಿಯುವ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಅಮೀನಬಿ ಶಂಕ್ರಿಯ ಬುಟ್ಟಿಯೊಳಗೆ ಕೈ ಇಟ್ಟಳು.

"ಸುಮಿತ್ರಾ, ಹಿಟ್ಟು ಆರೇತಲ್ಲ."

"ಈಗೀಗ ಹಂಗ ಬರತೈತಿ. ಚಲೋ ಆತು ಬಿಡು, ಆರಸೂ ಕೆಲಸ ತಪ್ಪತು."

"ಎಷ್ಟ ದಿನಾ ಆತು?"

"ಯುಗಾದಿ ಆದ ಮ್ಯಾಲಿಂದ ಅನ್ನು. ಯಾಕ?"

ಅಮೀನಬಿ ದನಿ ಇಳಿಸಿದಳು. "ಇಷ್ಟು ಹಿಟ್ಟು ಆರಾಕ ತಾಸ ಮ್ಯಾಲ ಬೇಕು. ಗಿರಣಿ ಇಲ್ಲೇ ಐತಿ, ನಾಲ್ಕ ಮನಿ ಆಚೆ. ಬೀಸಿ ಮುಗದ ಮ್ಯಾಲ ಆ ತಾಸು ನಿನ್ನ ಮಗಳು ಎಲ್ಲಿ ಇರತಾಳ?"

ಹಿಟ್ಟು ನಾದುತ್ತಿದ್ದ ಸುಮಿತ್ರವ್ವನ ಕೈ ಪರಾತದಲ್ಲೇ ನಿಂತಿತು. ಮರುಕ್ಷಣ ಸಿಟ್ಟು ಬಂತು. "ಏನ ಮಾತಾಡ್ತಿ ಅಮೀನಕ್ಕಾ? ಅಂವ ನನ್ನ ತವರಿನಾಂವ! ಹುಡುಗಿನ್ನ ಜ್ವಾಕಿ ಮಾಡಿ ಕುಂಡರಿಸಿಕೊಂಡಿರತಾನ. ಈ ಪಂಚಮಿಗೆ ಅಕಿನ್ನ ಗದಗಿಗೆ ಕರಕೊಂಡು ಹೋಗತಾನಂತ. ಹೊಸಾ ಲಂಗಾ ಹೊಲಸತಾನಂತ, ಜೋಕಾಲಿ ಕಟ್ಟತಾನಂತ. ನನಗ ಒಬ್ಬಾಂವ ತಮ್ಮ ಸಿಕ್ಕಿದ್ದು ಮಂದಿಗೆ ನೋಡಾಕ ಆಗವಲ್ದು."

"ಸಿಟ್ಟಾಗು. ನನ್ನ ಮ್ಯಾಲ ಎಷ್ಟ ಬೇಕಾದಷ್ಟು ಸಿಟ್ಟಾಗು," ಎಂದಳು ಅಮೀನಬಿ. "ಖರೆ, ಹುಡುಗಿನ್ನ ಒಮ್ಮೆ ಕೇಳೂನು. ನಾ ತಪ್ಪಿದ್ದರ ನಿನ್ನ ಕಾಲ ಹಿಡೀತೀನಿ. ಒಂದ ಮಾತು ಅಷ್ಟ. ಅಕಿ ಏನ ಹೇಳಿದ್ರೂ ನೀ ಬಾಯಿ ಹಾಕಬ್ಯಾಡ, ಕೈ ಎತ್ತಬ್ಯಾಡ. ಅಯ್ಯ ಅಂತ ಸೈತ ಅನಬ್ಯಾಡ."

ಸುಮಿತ್ರವ್ವ ಸಿಡುಕುತ್ತಲೇ ಆತು ಎಂದಳು. ಮರುದಿನ ರವಿವಾರ. ಮೂವರೂ ಅಮೀನಬಿಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತರು. ಅಮೀನಬಿ ಒಮ್ಮೆಲೇ ಏನನ್ನೂ ಕೇಳಲಿಲ್ಲ. ಶಾಲೆಯ ಮಾತು, ಜೋಕಾಲಿಯ ಮಾತು ಆಡಿದಳು. ಹುಡುಗಿ ಎರಡು ಸಲ ನಕ್ಕ ಮೇಲೆ, "ಗಿರಣ್ಯಾಗ ಹಿಟ್ಟು ಬೀಸಿದ ಮ್ಯಾಲ ಏನ ಮಾಡ್ತೀರೇ ಯವ್ವಾ, ನೀನೂ ನಿಮ್ಮ ಮಾವಾನೂ?" ಎಂದಳು.

ಶಂಕ್ರಿ ಕಲ್ಲು ಆರಿಸುವುದನ್ನು ನಿಲ್ಲಿಸಿದಳು. "ಹೇಳಬಾರದ್ರೀ ಅಕ್ಕೋರ."

"ಯಾರ ಅಂದ್ರು?"

"ಮಾವಾ. ನಮ್ಮಿಬ್ಬರದ ಗುಟ್ಟಂತ."

"ಗುಟ್ಟ ಎರಡ ನಮೂನಿ ಇರತಾವ ನೋಡು. ಅವ್ವಗ ಹೇಳದಂಗ ಅಪ್ಪ ಅಕಿಗೆ ಗಾಜಿನ ಬಳಿ ತಂದಿರತಾನ. ನಾಕ ದಿನಾ ಆದ ಮ್ಯಾಲ ಎಲ್ಲಾರಿಗೂ ಗೊತ್ತಾಗತೈತಿ, ಎಲ್ಲಾರೂ ನಗತಾರ. ಅದು ಚಲೋದು. ಯಾವತ್ತೂ ಹೇಳಬ್ಯಾಡ ಅಂತಾರಲ್ಲ, ಹೊಟ್ಟ್ಯಾಗ ಸಂಕಟ ಆಗತೈತಲ್ಲ, ಆ ಗುಟ್ಟ ಇಟಗೋಬಾರದು. ಯಾರ ಮ್ಯಾಲ ಆಣಿ ಹಾಕಿಸಿದ್ರೂ ಹೇಳಬೇಕು."

ಹುಡುಗಿ ಮತ್ತೆ ನಾಲ್ಕು ಕಲ್ಲು ಆರಿಸಿ ತೆಗೆದಳು. ಆಮೇಲೆ ಮೊರದ ಕಡೆ ನೋಡುತ್ತಲೇ ಹೇಳಿದಳು. ಎಲ್ಲರೂ ಹೋಗುವ ತನಕ ಮಾವ ಕಾಯಲು ಹೇಳುತ್ತಾನೆ. ಒಳಗಿನ ಕೋಣೆಯಲ್ಲಿ ಚೀಲದ ಮೇಲೆ ಕೂರಿಸುತ್ತಾನೆ. ಕೆನ್ನೆಗೆ ಹಿಟ್ಟು ಹಚ್ಚುತ್ತಾನೆ, ಒತ್ತಿ ಹಿಡಿಯುತ್ತಾನೆ, ಬಿಡು ಎಂದರೆ ಬಿಡುವುದಿಲ್ಲ. ಗಿರಣಿ ಸುಮ್ಮನೆ ತಿರುಗುತ್ತಿರುತ್ತದೆ, ಕೂಗಿದರೂ ಯಾರಿಗೂ ಕೇಳುವುದಿಲ್ಲ. ಒಂದು ಸಣ್ಣ ಕನ್ನಡಿ ಕೊಟ್ಟಿದ್ದಾನೆ, ಅದನ್ನು ಪಾಟೀಚೀಲದಲ್ಲಿ ಬಚ್ಚಿಟ್ಟಿದ್ದಾಳೆ. "ನಿಮ್ಮವ್ವಗ ನಿನ್ನ ಮ್ಯಾಲ ಅಂತಃಕರಣ ಇಲ್ಲ, ದುಡಸಾಕ ಇಟಗೊಂಡಾಳ," ಎನ್ನುತ್ತಾನೆ. ಹೇಳಿದರೆ ಅಪ್ಪ ಶಾಲೆ ಬಿಡಿಸುತ್ತಾನೆ, ಕನ್ನಡಿ ತಗೊಂಡವಳು ನೀನೇ ಅಲ್ಲವೇ ಎಂದು ಊರೆಲ್ಲ ನಿನ್ನನ್ನೇ ಬೈಯುತ್ತದೆ ಎಂದೂ ಹೇಳಿದ್ದಾನೆ.

"ನಾ ಗದಗಿಗೆ ಹೋಗೂದಿಲ್ಲ ಅವ್ವಾ," ಎಂದಳು ಕೊನೆಗೆ.

ಸುಮಿತ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕೊಟ್ಟ ಮಾತಿನಂತೆ ಅಯ್ಯ ಎನ್ನಲಿಲ್ಲ. ಮಗಳನ್ನು ಹತ್ತಿರ ಎಳೆದುಕೊಂಡು, ತಾನು ಹೊಡೆದ ಬೆನ್ನಿನ ಮೇಲೆ ಕೈ ಆಡಿಸಿದಳು. "ನಿನ್ನದೇನೂ ತಪ್ಪಿಲ್ಲ ನನ್ನ ಕೂಸ," ಎಂದು ಅಮೀನಬಿಯೇ ಹೇಳಿದಳು. "ಕನ್ನಡಿ ತಗೊಂಡಿದ್ದೂ ತಪ್ಪಲ್ಲ. ಹೇಳಿದ್ದು ಬಾಳ ಚಲೋ ಆತು."

ಸಂಗಪ್ಪ ಹೊಲದಿಂದ ಬಂದ ಮೇಲೆ ಅವನಿಗೆ ಹೇಳುವ ಕೆಲಸ ಸಲೀಸಾಗಿರಲಿಲ್ಲ.

"ಹುಡುಗರ ಮಾತು," ಎಂದ ಅವನು. "ಸ್ವಾದರಮಾವ ಅಂದ ಮ್ಯಾಲ ಚ್ಯಾಷ್ಟಿ ಇರತೈತಿ. ನೀವು ಹೆಂಗಸರು ಇರುವಿನ್ನ ಆನಿ ಮಾಡ್ತೀರಿ. ವರ್ಷ ಆತು, ನಮ್ಮ ಮನ್ಯಾಗ ಉಂಡಾನ. ನನಗ ಜ್ವರಾ ಬಂದಾಗ ಸೈಕಲ್ ಮ್ಯಾಲ ಹಿರೇವಡ್ಡಟ್ಟಿಗೆ ಹೋಗಿ ಗುಳಿಗಿ ತಂದಾನ. ಅಂಥಾಂವನ ಮ್ಯಾಲ ಇಂಥಾ ಮಾತು ಹೊರಸೂದಾ?"

"ಸಂಗಪ್ಪಣ್ಣಾ, ಹುಡುಗಿ ಒಬ್ಬಾಕಿನ್ನ ನಂಬಸಾಕ ಎಂಟ ದಿನಾ ಸಾಕು. ವರ್ಷ ಹಿಡದಿದ್ದು ನಿಮ್ಮನ್ನ ನಂಬಸಾಕ," ಎಂದಳು ಅಮೀನಬಿ. "ಖರೆ ಸ್ವಾದರಮಾವ ಚ್ಯಾಷ್ಟಿ ಮಾಡತಾನ, ಎಲ್ಲಾರ ಮುಂದ ಮಾಡತಾನ. ಹುಡುಗಿ ಒಲ್ಲೆ ಅಂದ್ರ ಬಿಡತಾನ. ಅವ್ವಗ ಹೇಳಬ್ಯಾಡ ಅಂತ ಯಾವ ಮಾವ ಅಂತಾನ ಹೇಳ್ರಿ?"

"ನಿನಗ ಇದೆಲ್ಲಾ ಹೆಂಗ ಗೊತ್ತು ಅಕ್ಕಾ? ಬಾಲವಾಡ್ಯಾಗ ಕಲಸ್ಯಾರೇನು?"

ಅವನ ದನಿಯಲ್ಲಿ ಕೊಂಕಿತ್ತು. ಅಮೀನಬಿ ಬಾಗಿಲ ಕಡೆ ನೋಡುತ್ತ ಹೇಳಿದಳು.

"ಬಾಲವಾಡ್ಯಾಗ ಯಾರೂ ಕಲಸಲಿಲ್ಲ. ನಾ ಲಕ್ಷ್ಮೇಶ್ವರದಾಗ ಬೆಳದಾಕಿ. ಒಂಬತ್ತ ವರ್ಷದಾಕಿ ಇದ್ದೆ. ನಮ್ಮಪ್ಪನ ದೋಸ್ತ ಒಬ್ಬಾಂವ ದಿನಾ ಮನಿಗೆ ಬೆಲ್ಲ ತರತಿದ್ದ. ಅಮ್ಮಗ ಹೇಳಾಕ ಹ್ವಾದೆ. ಹಿಂಗೆಲ್ಲಾ ಮಾತಾಡಬಾರದು ಅಂತ ಬಾಯಿ ಮ್ಯಾಲ ಹೊಡದ್ಲು. ಅವತ್ತ ಹೇಳೂದು ಬಿಟ್ಟೆ. ಅಂವ ಬರೂದು ಬಿಡಲಿಲ್ಲ."

ಸುಮಿತ್ರವ್ವ ತಲೆ ತಗ್ಗಿಸಿದಳು.

"ನನ್ನ ಮಾತೂ ನಂಬಬ್ಯಾಡ್ರಿ," ಎಂದು ಅಮೀನಬಿ ಎದ್ದಳು. "ನಾಳೆ ಗಿರಣಿಗೆ ಹೋಗ್ರಿ. ಪಂಚಮಿಗೆ ನಾವೂ ಮಗಳ ಸಂಗಾಟ ಗದಗಿಗೆ ಬರತೀವಿ, ಮೂರು ಮಂದಿ, ಅಂತ ಅನ್ರಿ. ಮನಸ್ಸು ಸ್ವಚ್ಛ ಇದ್ದಾಂವ ಬರ್ರಿ ಬರ್ರಿ ಅಂತಾನ. ಅಂವ ಏನಂತಾನ ಕೇಳ್ಕೊಂಡ ಬರ್ರಿ."

ಸಂಗಪ್ಪ ಹೋದ. ಹೋಗಿ ಹಾಗೇ ಹೇಳಿದ. ಅಂದಾನಪ್ಪ ಮೊದಲು ನಕ್ಕ, ಆಮೇಲೆ ಗಿರಣಿಯ ಬೆಲ್ಟು ಸರಿಮಾಡುವವನ ಹಾಗೆ ಅತ್ತ ತಿರುಗಿದ. ಮನೆ ಸಣ್ಣದು ಎಂದ. ಹೊಲದ ಕೆಲಸ ಬಿಟ್ಟು ನಿಮಗೇಕೆ ತ್ರಾಸು ಎಂದ. ಮೂವರೂ ಬರತೀವಿ ಎಂದು ಸಂಗಪ್ಪ ಮತ್ತೊಮ್ಮೆ ಹೇಳಿದಾಗ ಅವನ ದನಿ ಬದಲಾಯಿತು.

ಮನೆಗೆ ಬಂದು ಸಂಗಪ್ಪ ಅದನ್ನೆಲ್ಲ ಹೇಳಿದ. "ಹುಡುಗಿ ಒಬ್ಬಾಕಿನ್ನ ಕಳಸ್ರಿ ಅಂದ. ನನ್ನ ಮ್ಯಾಲ ಭರೋಸಾ ಇಲ್ಲೇನು ಅಂದ. ಮನ್ಯಾಗ ನಮ್ಮಕ್ಕ ಅದಾಳಲ್ಲ, ಅಕಿ ನೋಡ್ಕೋತಾಳ ಅಂದ."

"ಯಾವ ಅಕ್ಕ?" ಎಂದಳು ಸುಮಿತ್ರವ್ವ.

"ಅವನ ಅಕ್ಕ."

"ಹೋದ ಪಂಚಮಿಗೆ ಅಕ್ಕಾ ತಂಗಿ ಯಾರೂ ಇಲ್ಲ ಅಂತ ಈ ಹೊಸ್ತಲದಾಗ ನಿಂತು ಅತ್ತನಲ್ಲ! ಅದಕ್ಕಲ್ಲೇನು ನಾ ಅವಂಗ ಅಕ್ಕ ಆಗಿದ್ದು?"

ಸಂಗಪ್ಪ ನಿಂತಲ್ಲೇ ಕುಳಿತ. ಒಲೆಯ ಹತ್ತಿರ ಶಂಕ್ರಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನು ಕೈ ಚಾಚಿದ. ಹುಡುಗಿ ಒಮ್ಮೆಲೇ ಬರಲಿಲ್ಲ. ಅವನು ಕೈ ಚಾಚಿಕೊಂಡೇ ಕುಳಿತ. "ಅಪ್ಪಾ, ಶಾಲಿ ಬಿಡಸ್ತಿ?" ಎಂದು ಕೇಳಿದಳು.

"ಇಲ್ಲವ್ವಾ. ಯಾಕ ಬಿಡಸ್ಲಿ?" ಎಂದ. ಅವನಿಗೆ ಅಳು ಬಂತು. ಸ್ವಲ್ಪ ಹೊತ್ತಿಗೆ ಸಿಟ್ಟು ಬಂತು. ಎದ್ದು ಮೂಲೆಯಲ್ಲಿದ್ದ ಕೊಡಲಿಗೆ ಕೈ ಹಾಕಿದ. ಸುಮಿತ್ರವ್ವ ಅಡ್ಡ ನಿಂತಳು. "ನೀವು ಜೈಲಿಗೆ ಹೋದ್ರ ಇಕಿನ್ನ ಯಾರ ನೋಡ್ತಾರ? ಕೊಡ್ಲಿ ಇಡ್ರಿ. ಖಣಾ ಇಸಗೊಂಡಾಕಿ ನಾನು. ತಿರುಗಿ ಕೊಡಾಕಿನೂ ನಾನ."

ಮರುದಿನ ಬೆಳಿಗ್ಗೆ ಕರೆಂಟ್ ಬಂದು, ಗಿರಣಿಯ ಮುಂದೆ ಹತ್ತು ಹನ್ನೆರಡು ಹೆಂಗಸರು, ಹುಡುಗಿಯರು ಪಾಳಿ ಹಚ್ಚಿದ್ದ ಹೊತ್ತಿಗೆ ಸುಮಿತ್ರವ್ವ ಬಂದಳು. ಹಿಂದೆ ಸಂಗಪ್ಪ, ಅಮೀನಬಿ. ಜೋಳ ತೂಗುವ ತಕ್ಕಡಿಯ ತಟ್ಟೆಯಲ್ಲಿ ಅವಳು ಹೋದ ವರ್ಷದ ಖಣ ಇಟ್ಟಳು. ಅದರ ಮೇಲೆ ಸಣ್ಣ ಕನ್ನಡಿ, ಕೆಂಪು ರಿಬ್ಬನ್. ಕುಪ್ಪಸದ ಖಣ ತಿರುಗಿ ಕೊಡುವುದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಗಿರಣಿ ಬಂದ್ ಮಾಡೋ. ನಾ ಹೇಳೂದು ಎಲ್ಲಾರಿಗೂ ಕೇಳ್ಲಿ," ಎಂದಳು.

ಅವನು ಬಂದ್ ಮಾಡಲಿಲ್ಲ. ಸಂಗಪ್ಪ ಹೋಗಿ ಬಂದ್ ಮಾಡಿದ.

"ಇಂವ ನನಗ ಅಣ್ಣಲ್ಲ, ತಮ್ಮಲ್ಲ. ನನ್ನ ಮಗಳಿಗೆ ಮಾವಲ್ಲ. ಹಿಟ್ಟು ಬೀಸಿದ ಮ್ಯಾಲೂ ಅಕಿನ್ನ ತಾಸಗಟ್ಟಲೆ ಒಳಗ ಕುಂಡರಿಸ್ಯಾನ, ಮೈ ಮುಟ್ಟ್ಯಾನ, ಅವ್ವಗ ಹೇಳಬ್ಯಾಡ ಅಂದಾನ. ನನ್ನ ಮಗಳು ಹೇಳ್ಯಾಳ. ನಾ ನಂಬೀನಿ."

ಅಂದಾನಪ್ಪ ನಗಲು ನೋಡಿದ. "ಯಕ್ಕಾ, ಯಾರೋ ನಿನ್ನ ಕಿವಿ ಊದ್ಯಾರ. ಹುಡುಗಿ ಹೆಸರ ಕೆಡತೈತಿ ನೋಡು."

"ಕೆಡಬೇಕಾದ್ದು ನಿನ್ನ ಹೆಸರು. ಹುಡುಗೀದಲ್ಲ," ಎಂದಳು ಅಮೀನಬಿ.

ಆಗ ಪಾಳಿಯಲ್ಲಿದ್ದ ಮುದುಕಿ ಗದಿಗೆವ್ವ ತನ್ನ ಪಕ್ಕದಲ್ಲಿ ನಿಂತ ಮೊಮ್ಮಗಳ ಜಡೆ ಹಿಡಿದು ನೋಡಿದಳು. ಅಂಥದೇ ಕೆಂಪು ರಿಬ್ಬನ್. "ಇದನ್ನ ಯಾರ ಕೊಟ್ರ ನಿನಗ?" ಎಂದು ಮೆಲ್ಲಗೆ ಕೇಳಿದಳು. ಮೊಮ್ಮಗಳು ಅಜ್ಜಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ಗದಿಗೆವ್ವ ಬೈಯಲಿಲ್ಲ. ರಿಬ್ಬನ್ ಬಿಚ್ಚಿ ತಕ್ಕಡಿಯಲ್ಲಿ ಹಾಕಿ, ಬುಟ್ಟಿಯನ್ನು ಅಲ್ಲೇ ಬಿಟ್ಟು, ಮೊಮ್ಮಗಳ ಕೈ ಹಿಡಿದು ಸುಮಿತ್ರವ್ವನ ಪಕ್ಕಕ್ಕೆ ಬಂದು ನಿಂತಳು.

ಊರಿನ ಹಿರಿಯರು, ಅವನನ್ನು ಊರು ಬಿಡಿಸೋಣ, ಸುದ್ದಿ ಇಲ್ಲಿಗೇ ಮುಗಿಯಲಿ ಎಂದರು. "ಊರ ಬಿಡಿಸಿದ್ರ ಮತ್ತೊಂದ ಊರಿಗೆ ಹೋಗತಾನ. ಅಲ್ಲೂ ಗಿರಣಿ ಇರತೈತಿ, ಅಲ್ಲೂ ಹುಡುಗ್ಯಾರು ಬುಟ್ಟಿ ಹೊತಗೊಂಡ ಬರತಾರ," ಎಂದು ಅಮೀನಬಿ ಒಪ್ಪಲಿಲ್ಲ. ಸಂಗಪ್ಪನೂ ಗದಿಗೆವ್ವನ ಮಗನೂ ಬಸ್ಸು ಹತ್ತಿ ಮುಂಡರಗಿಗೆ ಹೋಗಿ ಪೊಲೀಸ್ ಠಾಣೆಯಲ್ಲಿ ಬರೆದು ಕೊಟ್ಟರು. ಕೊಟ್ರಪ್ಪನವರಿಗೂ ತಿಳಿಸಿದರು. ಸಂಜೆಗೆ ಪೊಲೀಸರು ಬಂದು ಅಂದಾನಪ್ಪನನ್ನು ಕರೆದುಕೊಂಡು ಹೋದರು. ಗಿರಣಿಯ ಒಳಗಿನ ಕೋಣೆಯ ಬಾಗಿಲನ್ನು ಕೊಟ್ರಪ್ಪನವರೇ ಕಿತ್ತು ಹಾಕಿಸಿದರು.

ಆ ಪಂಚಮಿಗೆ ಸುಮಿತ್ರವ್ವನಿಗೆ ಯಾರೂ ಖಣ ತರಲಿಲ್ಲ. ಅಮೀನಬಿಯ ಹಿತ್ತಲಿನ ಬೇವಿನ ಮರಕ್ಕೆ ಸಂಗಪ್ಪ ಜೋಕಾಲಿ ಕಟ್ಟಿದ. ಶಂಕ್ರಿ ಮೊದಲ ದಿನ ದೂರ ಕುಳಿತಳು. ಮೂರನೆಯ ದಿನ ಜೋಕಾಲಿ ಹತ್ತಿದಳು. ಹುಡುಗಿ ಮೊದಲಿನ ಹಾಗಾಗಲು ದೀಪಾವಳಿ ದಾಟಿತು, ಅದನ್ನು ಮುಚ್ಚಿಟ್ಟು ಹೇಳುವುದು ಬೇಡ.

ಹೊಸ ಗಿರಣಿಯವನು ಬಂದ ಮೇಲೆ ಊರಿನಲ್ಲಿ ಒಂದು ರೂಢಿ ಬಿತ್ತು. ಹುಡುಗಿಯರನ್ನು ಒಬ್ಬೊಬ್ಬರನ್ನೇ ಕಳಿಸುವುದಿಲ್ಲ, ಸಂಗಡ ಒಬ್ಬ ದೊಡ್ಡವರು. ಒಂದು ದಿನ ಸುಮಿತ್ರವ್ವ ಮತ್ತು ಶಂಕ್ರಿ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದರು. ಹಾದಿಯಲ್ಲಿ ಶಂಕ್ರಿ ಬುಟ್ಟಿಯನ್ನು ತಲೆಯಿಂದ ಎತ್ತಿ ಹಿಡಿದು, "ಅವ್ವಾ, ತಲಿ ಸುಡಾಕತ್ತೇತಿ!" ಎಂದು ಕೂಗಿದಳು. ಸುಮಿತ್ರವ್ವ ನಡುಹಾದಿಯಲ್ಲೇ ನಿಂತು ನಕ್ಕಳು, ನಗುತ್ತಲೇ ಅತ್ತಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ. ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮಗಳು, ನಿಮ್ಮ ಮಗ (ಹೌದು, ಗಂಡುಮಕ್ಕಳಿಗೂ ಹೀಗೆ ಆಗುತ್ತದೆ) ಮೊದಲು ಓಡಿ ಹೋಗುತ್ತಿದ್ದ ಜಾಗಕ್ಕೆ ಈಗ ಒಲ್ಲೆ ಎನ್ನುತ್ತಿದ್ದರೆ ಮೈಗಳ್ಳತನ ಎಂದು ಹೊಡೆಯಬೇಡಿ, ಯಾಕೆ ಎಂದು ಕೇಳಿ. ನಿಮಗೆ ಗೊತ್ತಿಲ್ಲದ ಸಾಮಾನು ಮಗುವಿನ ಚೀಲದಲ್ಲಿ ಸಿಕ್ಕರೆ ಕಳ್ಳತನ ಎಂದು ಕೂಗಬೇಡಿ, ಕೊಟ್ಟವರು ಯಾರು ಎಂದು ಕೇಳಿ. ನಿಮ್ಮ ಮಗುವಿನ ಸಂಗಡ ಒಬ್ಬನೇ ಇರಲು ಮತ್ತೆ ಮತ್ತೆ ನೆಪ ಹುಡುಕುವವನು, ಅವ್ವನಿಗೆ ಹೇಳಬೇಡ ಎನ್ನುವವನು, ನಾವೂ ಬರುತ್ತೇವೆ ಎಂದರೆ ಮುಖ ತಿರುಗಿಸುವವನು ಎಷ್ಟೇ ಬೇಕಾದವನಾದರೂ, ಬಂಧುವಾದರೂ, ಗುರುವಾದರೂ, ಅಲ್ಲಿಗೇ ನಿಲ್ಲಿಸಿ. ಮಗು ಹೇಳಿದರೆ ನಂಬಿ. ತಪ್ಪು ನಿನ್ನದಲ್ಲ ಎಂದು ಬಾಯಿ ಬಿಟ್ಟು ಹೇಳಿ. ಮರ್ಯಾದೆಗೆ ಹೆದರಿ ಮುಚ್ಚಿಡಬೇಡಿ, ಪೊಲೀಸರಿಗೆ ತಿಳಿಸಿ.

ಮತ್ತೆ, ನಿಮ್ಮ ಮಗು ಹೊತ್ತು ತಂದ ಬುಟ್ಟಿಗೆ ಒಮ್ಮೆ ಕೈ ಇಟ್ಟು ನೋಡಿ. ಸುಮಿತ್ರವ್ವ ನಾಲ್ಕು ತಿಂಗಳು ಆ ಹಿಟ್ಟಿನಲ್ಲಿ ಕೈ ಇಟ್ಟಳು, ಕೆಲಸ ತಪ್ಪಿತು ಎಂದುಕೊಂಡಳು. ನೀವು ಹಾಗೆ ಅಂದುಕೊಳ್ಳಬೇಡಿ.